ಒಂಬತ್ತನೇ ಕೋಣೆಯ ಎಣಿಕೆ

ಯಾರೂ ಹೋಗದ ಕೋಣೆಯೊಳಗೆ ದಿನಾ ಯಾರೋ ಹೋಗುತ್ತಿದ್ದರು. ಇದು ನನಗೆ ಗೊತ್ತಾಗಲು ಎರಡು ತಿಂಗಳು ಹಿಡಿಯಿತು, ಯಾಕೆಂದರೆ ಆ ಎರಡು ತಿಂಗಳೂ ನಾನು ಅದರ ಗೋಜಿಗೇ ಹೋಗಲಿಲ್ಲ. ಶೀತಲಗೃಹದ ಮ್ಯಾನೇಜರ್ ವಾರಕ್ಕೆರಡು ಸಲ ಫೋನ್ ಮಾಡಿ, "ಮೇಡಂ, ನಿಮ್ಮ ಒಂಬತ್ತನೇ ನಂಬರಿಂದು ಮತ್ತೆ ಕೆಂಪಗಾಯ್ತು," ಅನ್ನುತ್ತಿದ್ದರು.

"ಆಮೇಲೆ ಹಸಿರಾಯ್ತಾ?"

"ಅದೇನೋ ಆಯ್ತು."

"ಮತ್ತೆ ಸುಮ್ಮನಿರಿ. ತನ್ನ ಕಾಯಿಲೆ ತಾನೇ ವಾಸಿ ಮಾಡ್ಕೊಳ್ಳತ್ತೆ ಅದು," ಅಂದು ಫೋನ್ ಇಡುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಮ್ಮಕ್ಕ ಹೇಳುತ್ತಿರುತ್ತಾಳೆ. ಹೌದು, ಇದೆ. ಕೆಲಸ ಗೊತ್ತಿಲ್ಲದವರು ಕೆಲಸ ಕಲಿಸಲು ಬಂದರೆ ಅದು ಇನ್ನೂ ಸ್ವಲ್ಪ ಕೆಳಗಿಳಿದು ಬಾಯಿಗೆ ಬರುತ್ತದೆ.

ಆ ಶೀತಲಗೃಹದಲ್ಲಿ ಸೇಬು ಇಡುತ್ತಾರೆ. ಒಟ್ಟು ಒಂಬತ್ತು ಕೋಣೆ. ಗೋಡೆ ಒಂದೊಂದೂ ಮೊಳದಷ್ಟು ದಪ್ಪ, ಬಾಗಿಲು ಎಳೆಯಲು ಎರಡೂ ಕೈ ಬೇಕು. ಕೋಣೆ ತುಂಬಿದ ಮೇಲೆ ಬಾಗಿಲು ಮುಚ್ಚಿ, ಒಳಗಿನ ಗಾಳಿಯಿಂದ ಆಮ್ಲಜನಕ ತೆಗೆದು ಸಾರಜನಕ ತುಂಬುತ್ತಾರೆ. ಆಗ ಹಣ್ಣು ಆರು ತಿಂಗಳು ನಿದ್ದೆ ಮಾಡುತ್ತದೆ. ಮನುಷ್ಯ ಒಳಗಿದ್ದರೆ ಅವನಿಗೂ ಅದೇ ನಿದ್ದೆ. ಹೊಗೆಯಲ್ಲಿ ಆಗುವ ಹಾಗೆ ಕೆಮ್ಮು ಬರುವುದಿಲ್ಲ, ಉಸಿರು ಕಟ್ಟಿದಂತೆ ಅನಿಸುವುದಿಲ್ಲ. ಸ್ವಲ್ಪ ತಲೆ ಹಗುರಾಗುತ್ತದೆ, ಕಾಲು ಸೋಲುತ್ತದೆ, ಕೂರೋಣ ಅನಿಸುತ್ತದೆ. ಕೂತವರು ಏಳುವುದಿಲ್ಲ.

ಹಾಗಾಗಿ ಮುಚ್ಚುವ ಮೊದಲು ಒಳಗೆ ಯಾರೂ ಇಲ್ಲ ಅನ್ನುವುದು ಖಾತ್ರಿಯಾಗಬೇಕು. ಮೊದಲೆಲ್ಲ ಒಬ್ಬ ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿ, "ಯಾರಾದ್ರೂ ಇದೀರಾ?" ಅಂತ ಕೂಗಿ ಬರುತ್ತಿದ್ದ. ನಾನು ಬಂದು ಅದನ್ನು ನಿಲ್ಲಿಸಿದೆ. ಪ್ರತಿ ಬಾಗಿಲ ಚೌಕಟ್ಟಿಗೂ ಎರಡು ಬೆಳಕಿನ ಕಣ್ಣು ಕೂರಿಸಿದೆ. ಒಬ್ಬರು ಒಳಗೆ ಹೋದರೆ ಎಣಿಕೆಗೆ ಒಂದು ಕೂಡುತ್ತದೆ, ಹೊರಗೆ ಬಂದರೆ ಒಂದು ಕಳೆಯುತ್ತದೆ. ಎಣಿಕೆ ಸೊನ್ನೆಯಿದ್ದರೆ ಫಲಕದ ಮೇಲೆ 'ಖಾಲಿ' ಅಂತ ಬರುತ್ತದೆ. ಆಗ ಮಾತ್ರ ಬಾಗಿಲಿಗೆ ಬೀಗ ಬೀಳುತ್ತದೆ, ಆಗ ಮಾತ್ರ ಗ್ಯಾಸ್ ಹರಿಯುತ್ತದೆ. ಸೊನ್ನೆಯಲ್ಲದಿದ್ದರೆ ಬೀಗ ಬೀಳುವುದೇ ಇಲ್ಲ. ಬೀಗ ಬಿದ್ದ ಮೇಲೆ ಒಳಗಿನ ಹಿಡಿ ಕೂಡ ಈ ಎಣಿಕೆಯನ್ನು ಕೇಳಿಯೇ ಅಲ್ಲಾಡುತ್ತದೆ. ಈ ಕೆಲಸ ನನಗೆ ಕೊಡಿಸಿದ್ದೇ ಅಕ್ಕ, ಅವಳು ಅಲ್ಲಿ ಮೇಲ್ವಿಚಾರಕಿ.

ಎಣಿಸುವುದು ಒಂದೊಂದು ಕೋಣೆಗೂ ಒಂದೊಂದು ಪುಟ್ಟ ಪ್ರೋಗ್ರಾಂ. ಒಂದು ಕೆಟ್ಟರೆ ಇನ್ನೊಂದಕ್ಕೆ ತಾಗದಿರಲಿ ಅಂತ ಪ್ರತಿಯೊಂದನ್ನೂ ಅದರದೇ ಡಬ್ಬಿಯಲ್ಲಿ ಇಟ್ಟಿರುತ್ತೇವೆ. ಕಂಟೈನರ್ ಅನ್ನುತ್ತಾರೆ. ಈ ಡಬ್ಬಿಗಳ ಮೇಲೆ ಒಬ್ಬ ಮೇಸ್ತ್ರಿ ಇರುತ್ತಾನೆ, ಅವನೂ ಪ್ರೋಗ್ರಾಮೇ. ಹತ್ತು ಸೆಕೆಂಡಿಗೊಮ್ಮೆ ಒಂದೊಂದು ಡಬ್ಬಿಯನ್ನೂ ತಟ್ಟಿ ಹುಷಾರಾಗಿದ್ದೀಯಾ ಅಂತ ಕೇಳುವುದು ಅವನ ಕೆಲಸ. ಇದಕ್ಕೆ ಹೆಲ್ತ್ ಚೆಕ್ ಅಂತ ಹೆಸರು. ಹುಷಾರಿಲ್ಲ ಅಂತ ಉತ್ತರ ಬಂದರೆ ಮೇಸ್ತ್ರಿ ಡಾಕ್ಟರನ್ನೇನೂ ಕರೆಯುವುದಿಲ್ಲ. ಅದನ್ನು ಅಲ್ಲೇ ಮುಗಿಸಿ, ಅದೇ ಹೆಸರಿನ ಹೊಸದೊಂದನ್ನು ಹುಟ್ಟಿಸುತ್ತಾನೆ. ಹೊಸದಕ್ಕೆ ಹಳೆಯದರ ನೆನಪು ಇರುವುದಿಲ್ಲ. ಒಂದರಿಂದ ಹತ್ತು ಎಣಿಸುವಷ್ಟು ಹೊತ್ತು ಕೆಂಪು, ಆಮೇಲೆ ಮತ್ತೆ ಹಸಿರು. ಮ್ಯಾನೇಜರ್ ದೂರುತ್ತಿದ್ದುದು ಈ ಕೆಂಪನ್ನೇ.

ಯಾವಾಗ ಹುಷಾರಿಲ್ಲ ಅನ್ನಬೇಕು ಅನ್ನುವುದನ್ನು ನಾವೇ ಬರೆದುಕೊಡಬೇಕು. ನಾನು ಎರಡು ಲಕ್ಷಣ ಬರೆದಿದ್ದೆ. ಎಣಿಕೆ ಸೊನ್ನೆಗಿಂತ ಕೆಳಗಿಳಿದರೆ ಹುಷಾರಿಲ್ಲ, ಯಾಕೆಂದರೆ ಹೋಗದವರು ಹೊರಗೆ ಬರಲು ಸಾಧ್ಯವಿಲ್ಲ. ಇನ್ನೊಂದು, ಎಣಿಕೆ ಸೊನ್ನೆಗೆ ಮರಳದೆ ನಲವತ್ತು ನಿಮಿಷ ನಿಂತಲ್ಲೇ ನಿಂತರೆ ಹುಷಾರಿಲ್ಲ. ಶೀತಲಗೃಹದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು: ನಲವತ್ತು ನಿಮಿಷ ಮೀರಿ ಯಾರೂ ಒಳಗಿರಕೂಡದು. ಅಷ್ಟು ಹೊತ್ತು ಯಾರೂ ಇರುವುದಿಲ್ಲ ಅಂದಮೇಲೆ, ಇದ್ದಾರೆ ಅಂತ ಹೇಳುವ ಎಣಿಕೆಗೆ ತಲೆ ಕೆಟ್ಟಿದೆ ಅಂತಲೇ ಅರ್ಥ. ಬರೆಯುವಾಗ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಕೊನೆಗೆ ಮ್ಯಾನೇಜರ್, "ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ, ನಿಮ್ಮಕ್ಕನ ಹತ್ರಾನೇ ಮಾತಾಡ್ತೀನಿ," ಅಂದರು. ನಲವತ್ತೈದು ದಾಟಿದವಳನ್ನು ಅಕ್ಕನಿಗೆ ಹೇಳ್ತೀನಿ ಅಂತ ಹೆದರಿಸುವ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು. ಆದರೆ ಹೆದರಿದೆ. ಅವತ್ತು ಭಾನುವಾರ ಅಕ್ಕನ ಮನೆಗೇ ಹೋದೆ.

ಭಾವ ತೀರಿಕೊಂಡು ಆರು ವರ್ಷ. ಅಕ್ಕ ಒಬ್ಬಳೇ ಇರುತ್ತಾಳೆ, ಅಚ್ಚುಕಟ್ಟಾಗಿ ಇರುತ್ತಾಳೆ. ಅವಳ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಅಂತ ಏನೂ ಇಲ್ಲ ಅಂದುಕೊಂಡಿದ್ದೆ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಒಂಬತ್ತನೇ ಕೋಣೆಗೆ ಯಾರಾದ್ರೂ ಹೋಗ್ತಾರೇನೇ?"

"ಅಲ್ಲಿಗ್ಯಾರು ಹೋಗ್ತಾರೆ? ಎರಡು ತಿಂಗಳಿಂದ ಖಾಲಿ ಬಿದ್ದಿದೆ. ಕೊನೇ ಕೊಯ್ಲಿಂದು ಬಂದ್ಮೇಲೆ ತುಂಬೋದು."

"ಮಧ್ಯಾಹ್ನ ಊಟದ ಹೊತ್ತಲ್ಲಿ ದಿನಾ ಕೆಂಪಾಗತ್ತಂತೆ."

"ದೆವ್ವ ಇರಬೇಕು ಬಿಡು," ಅಂದಳು ತಲೆ ಎತ್ತದೆ. ಒಂದು ಟವಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಅಕ್ಕ ತಮಾಷೆ ಮಾಡಿದಳಲ್ಲ ಅಂತ ನನಗೆ ಖುಷಿಯಾಯಿತು. ಅವಳು ನಗದೆ ವರ್ಷಗಳೇ ಆಗಿದ್ದವು.

ಅದಾಗಿ ಮೂರು ದಿನಕ್ಕೆ, ಬುಧವಾರ ಹನ್ನೆರಡೂವರೆಗೆ, ನನ್ನ ಆಫೀಸಿನಲ್ಲಿ ಕೂತು ಒಂಬತ್ತನೇ ಡಬ್ಬಿಯ ದಾಖಲೆ ತೆರೆದೆ. ಆಫೀಸು ಅಂದರೆ ಔಷಧಿ ಅಂಗಡಿಯ ಮೇಲಿನ ಒಂದು ರೂಮು, ಎರಡು ಮೇಜು, ಸದ್ದು ಮಾಡುವ ಒಂದು ಫ್ಯಾನು. ಶೀತಲಗೃಹ ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ ದೂರ. ಡಬ್ಬಿ ಸತ್ತಾಗಲೆಲ್ಲ ಮೇಸ್ತ್ರಿ ಒಂದು ಸಾಲು ಬರೆದಿಡುತ್ತಾನೆ: ಎಷ್ಟು ಹೊತ್ತಿಗೆ ಸತ್ತಿತು, ಯಾವ ಲಕ್ಷಣ. ಎಣಿಕೆ ಎಷ್ಟಿತ್ತು ಅನ್ನುವುದು ಅದರಲ್ಲಿ ಇರಲಿಲ್ಲ. ದಾಖಲೆ ಸುಮ್ಮನೆ ತುಂಬುತ್ತದೆ ಅಂತ ಆ ಒಂದು ಅಂಶವನ್ನು ನಾನೇ ತೆಗೆದುಹಾಕಿದ್ದೆ.

ದಿನಕ್ಕೆ ಮೂರು ಸಾಲು. ಒಂದು ನಲವತ್ತರ ಆಸುಪಾಸಿನಲ್ಲಿ ಮೊದಲನೆಯದು: ನಲವತ್ತು ನಿಮಿಷದಿಂದ ಎಣಿಕೆ ಅಲುಗಿಲ್ಲ. ಒಂದು ಐವತ್ತರ ಹೊತ್ತಿಗೆ ಎರಡನೆಯದು: ಸೊನ್ನೆಗಿಂತ ಕಡಿಮೆ. ಅದಾಗಿ ಐದು ನಿಮಿಷಕ್ಕೆ ಮೂರನೆಯದು: ಸೊನ್ನೆಗಿಂತ ಕಡಿಮೆ. ಮೇಲಿನಿಂದ ಕೆಳಗೆ ಎಷ್ಟು ಎಳೆದರೂ ಅದೇ ಮೂರು, ಅದೇ ಹೊತ್ತು. ಭಾನುವಾರ ಏನೂ ಇಲ್ಲ. ಕೆಟ್ಟುಹೋದ ಯಂತ್ರ ಹೀಗೆ ಹೊತ್ತು ನೋಡಿಕೊಂಡು ಕೆಡುವುದಿಲ್ಲ. ವಾರದ ರಜೆ ಅಂತೂ ತೆಗೆದುಕೊಳ್ಳುವುದೇ ಇಲ್ಲ.

ಒಂದು ಗಂಟೆಯಿಂದ ನೋಡುತ್ತ ಕೂತೆ. ಸರಿಯಾಗಿ ಒಂದು ನಲವತ್ತೊಂದಕ್ಕೆ, ನನ್ನ ಕಣ್ಣೆದುರೇ, ಹೊಸ ಸಾಲು ಮೂಡಿತು. ಎಣಿಕೆ ಅಲುಗಿಲ್ಲ. ಕೆಂಪು. ಹತ್ತು ಸೆಕೆಂಡು. ಹಸಿರು. ಹೊಸ ಡಬ್ಬಿ ಹುಟ್ಟಿತು, ಮೇಸ್ತ್ರಿ ಕೇಳಿದ, ಹುಷಾರಾಗಿದ್ದೇನೆ ಅಂದಿತು. ಎಣಿಕೆಯ ಪುಟವನ್ನು ನಾನು ಆಗಲೇ ತೆರೆದು ನೋಡಿದ್ದು: ಸೊನ್ನೆ.

ಆಗ ಹೊಳೆಯಿತು.

ಎಣಿಕೆಗೆ ತಲೆ ಕೆಟ್ಟಿರಲಿಲ್ಲ. ಒಳಗೆ ನಿಜವಾಗಿಯೂ ಯಾರೋ ಇದ್ದರು. ನಲವತ್ತು ನಿಮಿಷ ಮೀರಿ ಇದ್ದರು. ಅವರಿದ್ದಾರೆ ಅಂತ ನೆನಪಿಟ್ಟುಕೊಂಡಿದ್ದ ಒಂದೇ ಒಂದು ಪ್ರಾಣಿಯನ್ನು, ನೆನಪಿಟ್ಟುಕೊಂಡಿದ್ದಕ್ಕೇ ಹುಷಾರಿಲ್ಲ ಅಂದು ಕೊಂದು, ಏನೂ ಗೊತ್ತಿಲ್ಲದ ಹೊಸದನ್ನು ಕೂರಿಸುತ್ತಿದ್ದೆ. ದಿನಾ. ಮನುಷ್ಯ ಒಳಗೆ, ಫಲಕದ ಮೇಲೆ 'ಖಾಲಿ'. ಆಮೇಲೆ ಆ ಮನುಷ್ಯ ಹೊರಬಂದಾಗ ಸೊನ್ನೆಯಿಂದ ಒಂದು ಕಳೆದು ಎಣಿಕೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅದೇ ಎರಡನೇ ಸಾಲು.

ಮೂರನೇ ಸಾಲಿನ ಬಗ್ಗೆ ನಾನು ಹೆಚ್ಚು ಯೋಚಿಸಲಿಲ್ಲ. ಬಾಗಿಲ ಕಣ್ಣಿಗೆ ಆಗಾಗ ಒಬ್ಬರು ಇಬ್ಬರಾಗಿ ಕಾಣುವುದುಂಟು. ಐದು ನಿಮಿಷ ಬಿಟ್ಟು ಹಾಗೆ ಕಾಣುವುದಿಲ್ಲ ಅಂತ ನನಗೆ ತೋಚಬೇಕಿತ್ತು. ತೋಚಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ನನ್ನ ಕಣ್ಣು ಇನ್ನೊಂದು ಕಡೆ ನೆಟ್ಟಿತ್ತು. ಹೋದ ತಿಂಗಳ ನಡುವೆ ನಾಲ್ಕು ದಿನ ದಾಖಲೆಯಲ್ಲಿ ಒಂದೇ ಒಂದು ಸಾಲಿಲ್ಲ. ಸೋಮವಾರದಿಂದ ಗುರುವಾರ. ಆ ನಾಲ್ಕು ದಿನ ಅಕ್ಕ ಜ್ವರ ಬಂದು ನನ್ನ ಮನೆಯಲ್ಲಿ ಮಲಗಿದ್ದಳು.

ಅವಳಿಗೆ ಫೋನ್ ಮಾಡಿದೆ. ವ್ಯಾಪ್ತಿಯ ಹೊರಗಿದ್ದಾರೆ ಅಂತ ಯಾವಳೋ ಹೇಳಿದಳು. ಮೊಳದಪ್ಪ ಗೋಡೆಯೊಳಗೆ ಫೋನ್ ಮುಟ್ಟುವುದಿಲ್ಲ. ಒಂಬತ್ತನೇ ಕೋಣೆಗೆ ಹತ್ತಿರ ಇರುವುದು ಲಾರಿ ತೂಗುವ ಕಟ್ಟೆ. ಅಲ್ಲಿ ಕೂರುವವರನ್ನು ಎಲ್ಲರೂ ತೂಕದವರು ಅಂತಲೇ ಕರೆಯುತ್ತಾರೆ, ನಿಧಾನದ ಮನುಷ್ಯ, ಎಂಟು ವರ್ಷದಿಂದ ಅದೇ ಕುರ್ಚಿ. ಅವರ ಮೇಜಿನ ಫೋನಿಗೆ ಮಾಡಿದೆ, ಅವರು ಹೋಗಿ ಬಾಗಿಲು ತಟ್ಟಲಿ ಅಂತ. ರಿಂಗಾಯಿತು, ರಿಂಗಾಗುತ್ತಲೇ ಇತ್ತು.

ಇಡುವಷ್ಟರಲ್ಲಿ ಮ್ಯಾನೇಜರೇ ಮಾಡಿದರು. ಒಂದು ನಲವತ್ತೊಂಬತ್ತು.

"ಮೇಡಂ, ನಿಮಗೊಂದು ಒಳ್ಳೇ ಸುದ್ದಿ. ಇನ್ಮೇಲೆ ಒಂಬತ್ತನೇದರ ಬಗ್ಗೆ ನೀವು ತಲೆ ಕೆಡಿಸ್ಕೊಬೇಡಿ. ಬೆಳಿಗ್ಗೆ ಹಣ್ಣು ಬಂತು, ಪೆಟ್ಟಿಗೆ ಎಲ್ಲ ಪೇರಿಸಿದ್ವಿ. ನಾಳೆ ಬರಬೇಕಿದ್ದ ಗ್ಯಾಸ್ ಟ್ಯಾಂಕರ್ ಈಗಲೇ ಬಂದ್ಬಿಡ್ತು, ಇವತ್ತೇ ಮುಚ್ಚಿಬಿಟ್ವಿ."

"ಮುಚ್ಚಿಬಿಟ್ವಿ ಅಂದ್ರೆ?"

"ಬೀಗ ಬಿತ್ತು, ಗ್ಯಾಸ್ ಬಿಟ್ಟಾಯ್ತು. ಮೂರು ನಿಮಿಷ ಆಗಿರಬಹುದು. ಚಿಕ್ಕ ಕೋಣೆ ಅಲ್ವಾ, ಹತ್ತು ನಿಮಿಷಕ್ಕೆ ಮುಗಿಯತ್ತೆ."

"ನಿಲ್ಸಿ! ಒಳಗೆ ಜನ ಇದಾರೆ!"

"ಏನ್ ಮೇಡಂ, ಫಲಕ ಖಾಲಿ ಅಂತಿದೆಯಲ್ಲ. ನೀವೇ ಮಾಡಿದ ಫಲಕ." ಅವರ ದನಿಯಲ್ಲಿ ತಮಾಷೆಯೇ ಇತ್ತು. ಅವರು ನಿಂತಿದ್ದುದು ಯಂತ್ರದ ಕೋಣೆಯಲ್ಲಿ, ಕಟ್ಟಡದ ಇನ್ನೊಂದು ತುದಿಗೆ. ಅವರಿಗೆ ಅರ್ಥ ಮಾಡಿಸುವ ಹೊತ್ತಿನಲ್ಲಿ ಏನು ಬೇಕಾದರೂ ಆಗಿಹೋಗಬಹುದಿತ್ತು.

ಪರೀಕ್ಷೆಗೆ ಅಂತ ಎಣಿಕೆಯನ್ನು ಕೈಯಿಂದಲೇ ಬದಲಿಸುವ ಒಂದು ಆಜ್ಞೆ ಇಟ್ಟುಕೊಂಡಿದ್ದೆ. ಅದನ್ನು ಕೊಟ್ಟರೆ ಅಲ್ಲಿಂದ ಮುಂದಿನ ಎಣಿಕೆಯೆಲ್ಲ ದಾಖಲೆಗೂ ಬೀಳುತ್ತಿತ್ತು. ಅವಸರದಲ್ಲಿ ಎರಡು ಸಲ ತಪ್ಪಾಯಿತು. ಮೂರನೇ ಸಲಕ್ಕೆ ಹೋಯಿತು. ಒಂಬತ್ತನೇ ಕೋಣೆ, ಎಣಿಕೆ: ಒಂದು.

"ಓ, ಜನ ಇದ್ದಾರೆ ಅಂತ ಬಂತು," ಅಂದರು ಮ್ಯಾನೇಜರ್. "ಗ್ಯಾಸ್ ತಾನೇ ನಿಂತ್ಹೋಯ್ತು. ಬೀಗಾನೂ ಬಿಚ್ಚಿಕೊಳ್ತು."

ಪರದೆಯ ಮೇಲಿನ ಆ ಒಂದನ್ನು ನೋಡುತ್ತಿದ್ದೆ. ನಮ್ಮಕ್ಕ ಅದು. ಬಾ, ಬಾ ಹೊರಗೆ, ಬಾರೇ, ಅಂತ ಬಾಯಿಬಿಟ್ಟೇ ಹೇಳುತ್ತಿದ್ದೆ. ಫ್ಯಾನಿನ ಸದ್ದು ಕೇಳಿಸುತ್ತಿರಲಿಲ್ಲ, ನಿಂತುಹೋಗಿದೆಯೇನೋ ಅಂತ ತಲೆ ಎತ್ತಿ ನೋಡಿದೆ, ತಿರುಗುತ್ತಲೇ ಇತ್ತು.

ಒಂದು ಐವತ್ತೊಂದಕ್ಕೆ ಒಂದು ಹೋಗಿ ಸೊನ್ನೆಯಾಯಿತು.

ಹೋದ ಜೀವ ಬಂದಂತಾಯಿತು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ ಅಂತಲೇ ಹೇಳಬೇಕು. ಮ್ಯಾನೇಜರ್ ಇನ್ನೂ ಫೋನಿನಲ್ಲಿದ್ದರು.

"ಖಾಲಿ ತೋರಿಸ್ತಿದೆ ಮೇಡಂ. ಮುಂದುವರಿಸಲಾ?"

"ಮುಂದುವರಿಸಿ," ಅಂದೆ.

ಈ ಮಾತನ್ನು ನಾನೇ ಆಡಿದೆ. ಮೇಸ್ತ್ರಿಯಲ್ಲ, ಫಲಕವಲ್ಲ, ಮ್ಯಾನೇಜರ್ ಅಲ್ಲ. ಕೇಳಿದವರಿಗೆಲ್ಲ ಹಾಗೇ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ.

ಒಂದು ಐವತ್ತೈದಕ್ಕೆ ಅಕ್ಕನ ಫೋನ್ ಬಂತು. ದನಿ ಒರಟಾಗಿತ್ತು, ಹಿಂದೆ ನಲ್ಲಿಯ ನೀರಿನ ಸದ್ದು.

"ಫೋನ್ ಮಾಡಿದ್ದೆಯಾ? ಯಾಕೋ ವಾಂತಿ ಬಂದ ಹಾಗಾಯ್ತು ಕಣೇ. ಬಾತ್‌ರೂಮಲ್ಲಿದೀನಿ. ತಲೆ ತಿರುಗ್ತಿದೆ."

"ತಿರುಗದೆ ಏನು ಮಾಡತ್ತೆ? ಒಂಬತ್ತನೇ ಕೋಣೇಲಿ ಕೂತು ಏನ್ ಮಾಡ್ತಿದ್ದೆ? ಬುದ್ಧಿ ಇದೆಯಾ ನಿನಗೆ? ಇವತ್ತು ಗ್ಯಾಸ್ ಬಿಟ್ಟಿದಾರೆ ಅಲ್ಲಿ! ನಾನು ನೋಡ್ದೆ ಇದ್ದಿದ್ರೆ ನೀನು ಅಲ್ಲೇ..." ಬೈಯಲು ಶುರುಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಭಾನುವಾರದ ಸುಳ್ಳಿಗೂ ಸೇರಿಸಿ ಬೈದೆ. ನಲ್ಲಿ ನಿಂತಿತು.

"ಈಗ ಬಾಗ್ಲು ಹೇಗಿದೆ?" ಅಂದಳು.

"ಮುಚ್ಚಿದೆ. ಗ್ಯಾಸ್ ಹೋಗ್ತಿದೆ. ನೀನು ಹೊರಗೆ ಬಂದ್ಯಲ್ಲ, ಎಣಿಕೆ ಸೊನ್ನೆ ಇದೆ, ಎಲ್ಲ ಸರಿ ಇದೆ."

"ಅವರು ಒಳಗಿದಾರೆ."

"ಯಾರು?"

"ನಾನು ಮೊದ್ಲು ಬರ್ತೀನಿ, ಅವರು ಐದು ನಿಮಿಷ ಬಿಟ್ಟು ಬರ್ತಾರೆ. ಯಾರಿಗೂ ಗೊತ್ತಾಗಬಾರ್ದು ಅಂತ." ಆ ಹೊತ್ತಿಗೆ ಅವಳು ಓಡುತ್ತಿದ್ದಳು, ಮಾತು ತುಂಡು ತುಂಡಾಗಿ ಬರುತ್ತಿತ್ತು. "ತೂಕದವರು ಕಣೇ. ಬಾಗ್ಲು ತೆಗಿ. ತೆಗಿಯೇ!"

ನಮ್ಮಕ್ಕನ ಜೊತೆ ಇನ್ನೊಬ್ಬರು ಇರಬಹುದು ಅಂತ ನನಗೆ ಅನಿಸಿರಲೇ ಇಲ್ಲ. ಅದಕ್ಕೇ ಒಂದು ಅಂತ ಬರೆದೆ. ಒಳಗೆ ಎಷ್ಟು ಜನ ಅಂತ ಯಾರನ್ನೂ ಕೇಳಲಿಲ್ಲ.

ಈ ಸಲ ಲೆಕ್ಕ ಹಾಕಲು ಹೋಗಲಿಲ್ಲ. ತೊಂಬತ್ತೊಂಬತ್ತು ಅಂತ ಒತ್ತಿದೆ. ಇನ್ನೆಷ್ಟು ಜನ ಹೊರಬಂದರೂ ಆ ಬಾಗಿಲು ಬೀಗ ಹಾಕಿಕೊಳ್ಳುವುದು ಬೇಡ ಅನಿಸಿತು. ಹೆಲ್ತ್ ಚೆಕ್ಕನ್ನು ಕಿತ್ತು ಬಿಸಾಡಿದೆ. ಆಫೀಸಿನ ಇನ್ನೊಂದು ಫೋನಿನಲ್ಲಿ ಮ್ಯಾನೇಜರಿಗೆ ಓಡಿ ಅಂತ ಕಿರುಚಿದೆ. ಔಷಧಿ ಅಂಗಡಿಯವನು ಕೆಳಗಿನಿಂದ ಏನಾಯ್ತು ಅಂತ ಕೂಗಿದ.

ಅಕ್ಕನ ಫೋನ್ ನೆಲಕ್ಕೆ ಬಿದ್ದ ಸದ್ದಾಯಿತು. ಬಾಗಿಲು ಎಳೆಯುವಾಗ ಅವಳು ಮುಲುಕಿದ್ದು ಕೇಳಿಸಿತು. ಪರದೆಯ ಮೇಲೆ ತೊಂಬತ್ತೊಂಬತ್ತು ಇದ್ದದ್ದು ನೂರಾಯಿತು.

ಅವಳು ಒಳಗೆ ಹೋಗಿದ್ದಳು.

ಹಾಗೆ ಒಳಗೆ ಹೋದವರು ವಾಪಸು ಬರುವುದಿಲ್ಲ. ಬಿದ್ದವರನ್ನು ಎತ್ತಲು ಹೋದವರೇ ಮೊದಲು ಸಾಯುವುದು. ಇದನ್ನು ಅವಳೇ ಹೊಸ ಕೆಲಸಗಾರರಿಗೆಲ್ಲ ಪಾಠ ಹೇಳುತ್ತಿದ್ದವಳು. ಫೋನಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಮಾತಿಲ್ಲ, ಹೆಜ್ಜೆಯಿಲ್ಲ. ತೆರೆದ ಬಾಗಿಲಿನಿಂದ ಬುಸ್ ಅನ್ನುವ ತೆಳ್ಳನೆಯ ಸದ್ದು ಮಾತ್ರ, ಅದೂ ನಿಂತಿತು. ನೂರು. ನೂರು. ನೂರು. ಅಕ್ಕಾ ಅಂತ ಕರೆದೆ. ನನ್ನ ದನಿ ಆ ಕಾರಿಡಾರಿನಲ್ಲಿ ನೆಲದ ಮೇಲಿನಿಂದ ಸಣ್ಣಗೆ ಕೇಳಿಸುತ್ತಿದ್ದಿರಬೇಕು.

ಎಷ್ಟು ಹೊತ್ತು ಅಂತ ಆಮೇಲೆ ದಾಖಲೆ ನೋಡಿದೆ. ಐವತ್ತೆರಡು ಸೆಕೆಂಡು.

ಆಮೇಲೆ ಏನೋ ಎಳೆಯುವ ಸದ್ದು, ನಿಲ್ಲುವುದು, ಮತ್ತೆ ಎಳೆಯುವುದು. ನೂರು ಹೋಗಿ ತೊಂಬತ್ತೊಂಬತ್ತಾಯಿತು. ಒಂದೇ ಒಂದು ಕಳೆಯಿತು. ಅವಳೊಬ್ಬಳೇ ಬಂದಳೇ, ಅವರೊಬ್ಬರೇ ಬಂದರೇ, ಪರದೆ ಹೇಳುವುದಿಲ್ಲ. ಅದಕ್ಕೆ ಎಣಿಸಲು ಮಾತ್ರ ಕಲಿಸಿದ್ದೆ.

"ಅಕ್ಕಾ! ಎಷ್ಟು ಜನ ಹೊರಗಿದೀರಿ?"

ತುಂಬ ಹೊತ್ತಾದ ಮೇಲೆ, ದೂರದಿಂದ, "ಇಬ್ರು," ಅಂದಳು.

ತಬ್ಬಿಕೊಂಡು ಎಳೆದು ತಂದಿದ್ದಳು. ಬಾಗಿಲ ಕಣ್ಣಿಗೆ ಇಬ್ಬರು ಒಬ್ಬರಾಗಿ ಕಂಡಿದ್ದರು.

ಇಬ್ಬರೂ ಬದುಕಿದರು. ಅಕ್ಕ ಎರಡು ದಿನ ತಲೆನೋವಲ್ಲಿ ಮಲಗಿ ಎದ್ದಳು. ತೂಕದವರು ಕೂತಿದ್ದುದು ಪೆಟ್ಟಿಗೆಗಳ ಹಿಂದೆ, ಗ್ಯಾಸ್ ಬರುವ ಕೊಳವೆಯ ಪಕ್ಕದಲ್ಲೇ. ಅವರು ಹನ್ನೊಂದು ದಿನ ಕಣ್ಣು ಬಿಡಲಿಲ್ಲ. ಬಿಟ್ಟಮೇಲೆ ಎಲ್ಲರ ಹೆಸರೂ ಹೇಳಿದರು, ತಮ್ಮ ತಂಗಿಯನ್ನು ಗುರುತಿಸಿದರು, ತೂಕದ ಕಟ್ಟೆಯ ಕೀಲಿ ಎಲ್ಲಿದೆ ಅಂತ ಹೇಳಿದರು. ಡಾಕ್ಟರಿಗೆ ಸಂತೋಷವಾಯಿತು. ಹಳೆಯದೆಲ್ಲ ಇದೆ, ಇತ್ತೀಚಿನ ಕೆಲವು ತಿಂಗಳು ಮಾತ್ರ ಹೋಗಿದೆ, ಅದು ಬರಬಹುದು, ಬರದೆಯೂ ಇರಬಹುದು, ಬದುಕಲು ಅದರಿಂದ ಏನೂ ತೊಂದರೆಯಿಲ್ಲ ಅಂದರು.

ಅಕ್ಕ ನೋಡಲು ಹೋದಾಗ ಅವರು ಹಾಸಿಗೆಯಿಂದ ಏಳಲು ನೋಡಿದರು. "ಅಯ್ಯೋ, ನೀವ್ಯಾಕೆ ಬರೋಕೆ ಹೋದ್ರಿ ಮೇಡಂ? ಕೆಲಸ ಎಲ್ಲ ಹೇಗೆ ನಡೀತಿದೆ?" ಅಂದರು. ಎಂಟು ವರ್ಷ ಅವರು ಅವಳೊಡನೆ ಹೀಗೇ ಮಾತಾಡಿದ್ದರು. ಬೇರೆ ಥರ ಮಾತಾಡಿದ್ದು ಈ ಎರಡು ತಿಂಗಳು ಮಾತ್ರ, ಆ ಕೋಣೆಯಲ್ಲಿ ಮಾತ್ರ.

ಅವತ್ತು ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಕ್ಕ ಎಲ್ಲ ಹೇಳಿದಳು. ದಪ್ಪ ಕೋಟು ಹಾಕಿಕೊಂಡು, ಎರಡು ಪೆಟ್ಟಿಗೆ ಬೋರಲು ಹಾಕಿ, ಫ್ಲಾಸ್ಕಿನಲ್ಲಿ ಅವರು ತಂದ ಟೀ ಕುಡಿಯುತ್ತ ಕೂರುತ್ತಿದ್ದರಂತೆ. ಅವತ್ತು ಬುಸ್ ಅಂದದ್ದನ್ನು ತಂಪು ಹೆಚ್ಚು ಮಾಡಿದ್ದಾರೆ ಅಂದುಕೊಂಡರಂತೆ.

"ಅಲ್ಲೇ ಯಾಕೆ? ನನಗೆ ಹೇಳಿದ್ರೆ ನಾನೇನು ಬೇಡ ಅಂತಿದ್ನಾ?"

"ನಿನಗೆ ಹೇಳಿದ್ರೆ ನೀನು ದಿನಾ ಕೇಳ್ತಿದ್ದೆ. ಆರು ವರ್ಷದಿಂದ ಎಲ್ರೂ ನನ್ನ ಮುಖ ಕಂಡ ಕೂಡ್ಲೇ ಹುಷಾರಾ, ಹುಷಾರಾ ಅಂತೀರಿ. ಅವರೊಬ್ರು ಕೇಳಿರ್ಲಿಲ್ಲ." ಆಸ್ಪತ್ರೆಯ ಬಾಗಿಲ ಕಡೆ ತಿರುಗಿ, "ಒಂದು ಫೋಟೋ ಇಲ್ಲ ಕಣೇ," ಅಂದಳು. "ಒಂದು ಚೀಟಿ ಇಲ್ಲ. ನೋಡಿದವರೂ ಯಾರಿಲ್ಲ. ಅಷ್ಟು ಹುಷಾರಾಗಿದ್ವಿ. ಈಗ ನಾನು ಹೋಗಿ ಹೇಳಿದ್ರೆ ಈ ಹೆಂಗಸಿಗೆ ತಲೆ ಕೆಟ್ಟಿದೆ ಅಂದ್ಕೋತಾರೆ."

ತಪ್ಪಾಯಿತು ಅಂದೆ. ಅದಕ್ಕಿಂತ ದೊಡ್ಡ ಮಾತು ನನ್ನ ಹತ್ತಿರ ಇರಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಳು, ಆದರೆ ಪರವಾಗಿಲ್ಲ ಅನ್ನಲಿಲ್ಲ. ಆಮೇಲೆ, "ನಿನ್ನ ಹತ್ರ ಆ ದಾಖಲೆ ಇದೆಯಲ್ಲ, ಅದನ್ನ ಕಾಗದದಲ್ಲಿ ತೆಗೆದುಕೊಡು," ಅಂದಳು.

ತೆಗೆದುಕೊಟ್ಟೆ. ನಾಲ್ಕು ಹಾಳೆ. ಮಾರನೆಯ ದಿನ ಇಬ್ಬರೂ ಹೋದೆವು. ಅಕ್ಕ ಹಾಳೆಗಳನ್ನು ಅವರ ಮಡಿಲಲ್ಲಿಟ್ಟು, ಹೇಳಬೇಕಾದ್ದನ್ನು ಹೇಳಿದಳು. ನಾನು ಕಿಟಕಿಯ ಹತ್ತಿರ ನಿಂತಿದ್ದೆ, ಕೇಳಿಸಿಕೊಳ್ಳದ ಹಾಗೆ ಹೊರಗೆ ನೋಡುತ್ತ. ಅವರು ನಗಲಿಲ್ಲ, ಅವಳಿಗೆ ತಲೆ ಕೆಟ್ಟಿದೆ ಅನ್ನುವ ಹಾಗೆ ನನ್ನ ಕಡೆ ತಿರುಗಲೂ ಇಲ್ಲ. ಕನ್ನಡಕ ಕೇಳಿ ಹಾಕಿಕೊಂಡರು. ಜೀವನವೆಲ್ಲ ತುಂಬಿದ ಲಾರಿ, ಖಾಲಿ ಲಾರಿ ತೂಗಿದ ಮನುಷ್ಯ. ಬಂದದ್ದೆಷ್ಟು, ಹೋದದ್ದೆಷ್ಟು ನೋಡುವುದು ಅವರ ಬೆರಳಿಗೇ ಗೊತ್ತಿತ್ತು.

"ದಿನಕ್ಕೆ ಮೂರು ಸಾಲು ಯಾಕೆ ಮೇಡಂ?"

"ಮೊದಲನೇದು ಯಂತ್ರ ನಮ್ಮನ್ನ ಮರೆತದ್ದು. ಎರಡನೇದು ನಾನು ಹೊರಗೆ ಬಂದದ್ದು. ಮೂರನೇದು ನೀವು ಬಂದದ್ದು."

ಅವರು ಒಂದೊಂದು ದಿನವನ್ನೂ ಬೆರಳಿಟ್ಟು ನೋಡಿದರು. ಮೂರನೇ ಸಾಲಿನ ಮೇಲೆ ಪ್ರತಿ ಸಲವೂ ಸ್ವಲ್ಪ ನಿಲ್ಲುತ್ತಿದ್ದರು. ಅಲ್ಲಿ ಏನಾದರೂ ನೆನಪಾಗುತ್ತದೆಯೇ ಅಂತ ಅಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ಕೊನೆಯ ಹಾಳೆಯ ಕೊನೆಯ ದಿನಕ್ಕೆ ಬಂದರು. ಅವತ್ತಿನದು ಬೇರೆ ಥರ ಇತ್ತು: ಒಂದು, ಸೊನ್ನೆ, ತೊಂಬತ್ತೊಂಬತ್ತು, ನೂರು, ತೊಂಬತ್ತೊಂಬತ್ತು. ಅವಳು ಪ್ರತಿಯೊಂದನ್ನೂ ವಿವರಿಸಿದಳು. ಅವರು ಎರಡು ಸಲ ಮೇಲಿನಿಂದ ಕೆಳಗೆ ಲೆಕ್ಕ ಹಾಕಿದರು.

"ನೀವು ಬಂದ್ರಿ, ಮತ್ತೆ ಹೋದ್ರಿ, ಮತ್ತೆ ಬಂದ್ರಿ. ಅದು ಸರಿ ಹೋಗತ್ತೆ," ಅಂದರು ತೂಕದವರು ನಿಧಾನವಾಗಿ. "ಆದ್ರೆ ನಾನು ಹೊರಗೆ ಬಂದ ಲೆಕ್ಕ ಇದರಲ್ಲಿಲ್ಲವಲ್ಲ ಮೇಡಂ."

"ಇಲ್ಲ," ಅಂದಳು ಅಕ್ಕ. "ನೀವಿನ್ನೂ ಬಂದಿಲ್ಲ."

ಅವರು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಅವಳನ್ನೇ ನೋಡಿದರು. ಅಕ್ಕ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡು ಕೂತಳು, ನನಗೆ ಹೊರಗೆ ಹೋಗಿರು ಅಂತ ಸನ್ನೆ ಮಾಡಿದಳು.